ಅಪ್ಪನ ಕೈಯಿಂದ ಸಂತೆಚೀಲ ಕಸಿಯಬೇಡಿ: ಅರವತ್ತರ ನಂತರ ಮೆದುಳನ್ನು ಕಾಪಾಡಿಕೊಳ್ಳುವ ಬಗೆ

ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ಅವರನ್ನು ಕೂರಿಸುವುದು. ಅಪ್ಪ ನಿವೃತ್ತರಾದ ವಾರದಲ್ಲೇ ಸಂತೆಚೀಲ ಮಗನ ಕೈಗೆ ಹೋಗುತ್ತದೆ. ಅವ್ವನಿಗೆ ಮೊಣಕಾಲು ನೋವೆಂದು ರೊಟ್ಟಿ ಬಡಿಯುವ ಕೆಲಸ ಸೊಸೆಗೆ ಬರುತ್ತದೆ. ಕರೆಂಟ್ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್, ಹೊಲದ ಲಾವಣಿಯ ಲೆಕ್ಕ ಎಲ್ಲವೂ ಒಂದೊಂದಾಗಿ ಕೈ ಬದಲಾಗುತ್ತವೆ. ಪ್ರೀತಿಯಿಂದಲೇ ಎಲ್ಲರೂ ಹೇಳುತ್ತಾರೆ: "ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮಾಗಿ ಕೂತುಕೊಳ್ಳಿ." ಅವರು ಟಿವಿಯ ಮುಂದೆ ಕೂರುತ್ತಾರೆ. ನಾಲ್ಕಾರು ವರ್ಷ ಕಳೆದ ಮೇಲೆ ಅದೇ ಮನೆಯವರು ಅಪ್ಪನಿಗೆ ಮರೆವು ಜಾಸ್ತಿಯಾಗಿದೆ ಎಂದು ಕಳವಳಪಡುತ್ತಾರೆ.

ಮೆದುಳು ಸೊರಗುವುದಕ್ಕೆ ಇದೊಂದೇ ಕಾರಣವಲ್ಲ. ವಯಸ್ಸು ಮತ್ತು ವಂಶದಿಂದ ಬಂದ ಗುಣಗಳು ನಮ್ಮ ಕೈಯಲ್ಲಿಲ್ಲ. ಆದರೆ ಕೈಯಲ್ಲಿರುವುದೂ ಸಣ್ಣದಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಬದಲಾಯಿಸಬಹುದಾದ 14 ಕಾರಣಗಳನ್ನು ನಿಭಾಯಿಸಿದರೆ ಜಗತ್ತಿನ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುವ ಕಾಯಿಲೆ) ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಏರಿದ ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ತಂಬಾಕಿನ ಹೊಗೆ, ಅತಿಯಾದ ಮದ್ಯ, ತಲೆಗೆ ಪೆಟ್ಟು, ಖಿನ್ನತೆ, ಕಿವುಡು, ಚಿಕಿತ್ಸೆ ಮಾಡಿಸದ ಕಣ್ಣಿನ ದೋಷ, ಮೈ ಅಲುಗಾಡಿಸದಿರುವುದು, ಒಂಟಿತನ, ಹೊಗೆ ದೂಳಿನ ಗಾಳಿ, ಎಳವೆಯಲ್ಲಿ ಓದು ಸಿಗದಿರುವುದು: ಇಷ್ಟು ಆ ಪಟ್ಟಿ. ಕೊನೆಯದನ್ನು ಈಗ ತಿದ್ದಲಾಗದು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಊರಲ್ಲೇ ಮದ್ದಿದೆ.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಹಿಡಿಯಿರಿ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದವರು ಮುಂದಿನ ಸೋಮವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ. ತಿಂಗಳಿಗೆ ಒಂದು ಹೆಜ್ಜೆ ಸಾಕು.

ಮೊದಲ ಹೆಜ್ಜೆ: ತಪಾಸಣೆ

ಧ್ಯಾನಕ್ಕೆ ಚಾಪೆ, ನಡಿಗೆಗೆ ಬೂಟು ಕೊಳ್ಳುವ ಮುನ್ನ ಒಂದು ಬೆಳಗ್ಗೆ ಆಸ್ಪತ್ರೆಗೆ ಹೋಗಿ ಬನ್ನಿ. ಓದಲು ನೀರಸವಾದ ಭಾಗ ಇದು, ಆದರೆ ಹೆಚ್ಚು ಫಲ ಕೊಡುವುದೂ ಇದೇ.

ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟು ಮಾತ್ರ. ಹೃದಯ ಪಂಪು ಮಾಡುವ ರಕ್ತದಲ್ಲಿ ಅದು ಕೇಳುವ ಪಾಲು ಹತ್ತಿರ ಹತ್ತಿರ ಐದರಲ್ಲೊಂದು. ಆ ರಕ್ತ ಹರಿಯುವುದು ಕೂದಲಿಗಿಂತ ತೆಳುವಾದ ನಾಳಗಳಲ್ಲಿ. ಬಿಪಿ ಮತ್ತು ಸಕ್ಕರೆ ಹತ್ತಾರು ವರ್ಷ ಸದ್ದಿಲ್ಲದೆ ಕೆಡಿಸುವುದು ಇವನ್ನೇ. ನಲವತ್ತು ದಾಟಿದವರು ಮೇಲಿನ ಬಿಪಿಯನ್ನು 130ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಎಪ್ಪತ್ತೈದು, ಎಂಬತ್ತು ದಾಟಿದವರಿಗೆ, ಎದ್ದು ನಿಂತಾಗ ತಲೆ ತಿರುಗುವವರಿಗೆ ಎಷ್ಟು ಸರಿ ಎಂಬುದನ್ನು ವೈದ್ಯರೇ ಗೊತ್ತು ಮಾಡಬೇಕು. "ಗುಳಿಗೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು" ಎಂದು ಹೆದರಿ ಶುರುವನ್ನೇ ಮಾಡದವರು, ಬಿಪಿ ಸರಿಯಾಯಿತೆಂದು ತಾವೇ ಗುಳಿಗೆ ನಿಲ್ಲಿಸಿದವರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಲಕ್ವ ಹೊಡೆದ ಮೇಲೆ ನುಂಗುವ ಗುಳಿಗೆಗಳ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು.

ಬಿಪಿಯ ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಕೊನೆಯ ಎರಡನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಶಾಕಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ, ಅಸಿಡಿಟಿ ಗುಳಿಗೆ ರೂಢಿ ಮಾಡಿಕೊಂಡವರಲ್ಲಿ ಅದು ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು ಇವೆಲ್ಲ ಅದರಿಂದ ಬರಬಹುದು. ಬೇಗ ಗೊತ್ತಾದರೆ ಗುಣವಾಗಬಹುದು. ಥೈರಾಯ್ಡ್ ಕುಂದಿದಾಗಿನ ಮಂಕುತನವೂ ಹಾಗೆಯೇ.

ಕಣ್ಣಿನ ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಕಿವಿಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ, ಕಿವಿ ಮೆಷಿನ್ ಎಂದರೆ ಮಾತ್ರ "ನಾನೇನು ಕಿವುಡನೇ?" ಎಂದು ಸಿಡುಕುತ್ತಾರೆ. ಅರ್ಧಂಬರ್ಧ ಕೇಳುವವರು ಮೊದಲು ಮಾತನ್ನು ಊಹಿಸುತ್ತಾರೆ. ಆಮೇಲೆ ಸುಮ್ಮನೆ ತಲೆಯಾಡಿಸುತ್ತಾರೆ. ಕೊನೆಗೆ ಮದುವೆ, ಸೀಮಂತ, ಕಟ್ಟೆಯ ಹರಟೆ ಎಲ್ಲದರಿಂದ ಹಿಂದೆ ಸರಿಯುತ್ತಾರೆ. ಹೀಗೆ ಒಂದು ಕಾರಣದಿಂದ ಇನ್ನೊಂದು ಕಾರಣ ಹುಟ್ಟುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಮೂರು ವರ್ಷಗಳ ಪ್ರಯೋಗವೊಂದರಲ್ಲಿ, ಮರೆವಿನ ಅಪಾಯ ಹೆಚ್ಚಿದ್ದ ಹಿರಿಯರ ಗುಂಪಿನಲ್ಲಿ ಶ್ರವಣ ಸಾಧನ ಬಳಸಿದವರ ಬುದ್ಧಿಶಕ್ತಿಯ ಇಳಿಕೆ ಶೇ 48ರಷ್ಟು ನಿಧಾನವಾಗಿತ್ತು. ಅಪಾಯ ಕಡಿಮೆ ಇದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಡತನದ ರೇಖೆಯ ಕೆಳಗಿನ ಹಿರಿಯರಿಗೆ ಶ್ರವಣ ಸಾಧನ, ಕನ್ನಡಕ, ಊರುಗೋಲು ಉಚಿತವಾಗಿ ಕೊಡಲು ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ. ಮೆಷಿನ್ ಬಂದ ಮೇಲೆ ಮೊದಲ ಕೆಲವು ವಾರ ತಟ್ಟೆ ಲೋಟದ ಸದ್ದೂ ಕಿರಿಕಿರಿ ಎನಿಸುತ್ತದೆ. ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ ಏರಿಸುತ್ತಾ ಹೋಗಿ, ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ.

ಎರಡನೆಯ ಹೆಜ್ಜೆ: ಬಿಸಿಲಿಗೆ ತಕ್ಕ ನಡಿಗೆ

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಡಿಗೆಗೆ ದೊಡ್ಡ ಗೌರವ ತಂದುಕೊಟ್ಟಿತು. 55ರಿಂದ 80 ವರ್ಷದೊಳಗಿನ 120 ಮಂದಿಯಲ್ಲಿ ಅರ್ಧದಷ್ಟು ಜನ ಒಂದು ವರ್ಷ, ವಾರಕ್ಕೆ ಮೂರು ದಿನ, 40 ನಿಮಿಷದಂತೆ ಬಿರುಸಾಗಿ ನಡೆದರು. ಉಳಿದವರು ಮೈ ಸಡಿಲಿಸುವ ಲಘು ವ್ಯಾಯಾಮವನ್ನಷ್ಟೇ ಮಾಡಿದರು. ಹೊಸ ನೆನಪುಗಳು ಮೂಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ನಡೆದವರಲ್ಲಿ ಶೇ 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಶೇ 1.4ರಷ್ಟು ಕುಗ್ಗಿತ್ತು. ಆ ವಯಸ್ಸಿನಲ್ಲಿ ವರ್ಷಕ್ಕೆ ಅಷ್ಟಿಷ್ಟು ಕುಗ್ಗುವುದೇ ಸಾಮಾನ್ಯ. ಅಧ್ಯಯನ ಚಿಕ್ಕದು, ಅದರ ಮೇಲೆ ಗೋಪುರ ಕಟ್ಟಬೇಕಿಲ್ಲ. ಆದರೆ ಬಿಪಿ, ಸಕ್ಕರೆ, ತೂಕ, ನಿದ್ದೆ, ಮನಸ್ಸು ಈ ಐದನ್ನೂ ಒಟ್ಟಿಗೆ ತಿದ್ದುವ ಗುಳಿಗೆ ಬೇರೊಂದಿಲ್ಲ.

ಅಳತೆ ಇಷ್ಟು: ವಾರಕ್ಕೆ ಕನಿಷ್ಠ 150 ನಿಮಿಷ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ನಡೆಯುವಾಗ ಜೊತೆಗಾರರೊಂದಿಗೆ ಮಾತನಾಡಲು ಬರಬೇಕು, ಹಾಡಲು ಬರಬಾರದು. ವೇಗ ಅಷ್ಟಿದ್ದರೆ ಸರಿ. ಇಷ್ಟು ದಿನ ಕೂತೇ ಇದ್ದವರು ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೆ ಐದು ನಿಮಿಷ ಸೇರಿಸಿಕೊಂಡು ಹೋಗಲಿ. ನಡೆಯುವಾಗ ಎದೆ ಬಿಗಿದರೆ, ಅತಿಯಾಗಿ ಉಸಿರುಗಟ್ಟಿದರೆ ಅಲ್ಲೇ ನಿಂತು, ವೈದ್ಯರಿಗೆ ತೋರಿಸಿದ ನಂತರವೇ ಮುಂದುವರಿಯಬೇಕು.

ಮಂಗಳೂರಿನವರಿಗೋ ಮಡಿಕೇರಿಯವರಿಗೋ ಬರೆದ ಸಲಹೆ ಇಲ್ಲಿ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ, ಬಿಸಿಲು 42 ಡಿಗ್ರಿ ದಾಟುವ ದಿನಗಳು ಸಾಲುಸಾಲಾಗಿ ಬರುತ್ತವೆ. ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಬೆಳಗ್ಗೆ 5.30ಕ್ಕೆ ಹೊರಟು ಏಳರೊಳಗೆ ಮನೆ ಸೇರಿ. ಸಂಜೆ ನೆಲದ ಕಾವು ಇಳಿಯುವುದು ತಡ, ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತನ್ನೇ ನಂಬಿ. ಕಲಬುರಗಿಯಲ್ಲಿ ಅಪ್ಪನ ಕೆರೆ ಎಂಬ ಕೆರೆಯ ದಂಡೆ, ಸಾರ್ವಜನಿಕ ಉದ್ಯಾನ, ವಿಶ್ವವಿದ್ಯಾಲಯದ ಮರಗಳ ಸಾಲು ಇವೆಲ್ಲ ಒಳ್ಳೆಯ ಜಾಗಗಳು. ಬೀದರ್‌ನವರಿಗೆ ಕೋಟೆಯ ಬಯಲೂ ಬರೀದ್ ಶಾಹಿ ಗೋರಿಗಳ ಉದ್ಯಾನವೂ ಇವೆ. ಯಾದಗಿರಿಯ ಕೋಟೆ ಬೆಟ್ಟ ಮೊಣಕಾಲು ಗಟ್ಟಿ ಇದ್ದವರಿಗೆ ಮಾತ್ರ. ಉಳಿದವರಿಗೆ ಸಮತಟ್ಟಾದ ಮೈದಾನ ಸಾಕು. ಮನೆಯಿಂದ ಹೊರಡಲಾಗದ ದಿನ ಮಾಳಿಗೆಯ ಮೇಲೆ ಸೂರ್ಯ ಹುಟ್ಟುವ ಮೊದಲು ಹತ್ತು ಸುತ್ತು ಹಾಕಿದರೂ ನಡಿಗೆಯೇ.

ಹೆಣ್ಣುಮಕ್ಕಳಿಗೆ ಬಿಸಿಲಿಗಿಂತ ದೊಡ್ಡ ಅಡ್ಡಿ ಜನರ ಕಣ್ಣು. ಸೀರೆಗೆ ಬೂಟು ಹಾಕಿಕೊಂಡರೆ ನಗುತ್ತಾರೆ ಎಂದು ಎಷ್ಟೋ ಮಂದಿ ಜಾರುವ ಚಪ್ಪಲಿಯಲ್ಲೇ ಹೋಗಿ, ಎಡವಿ ಬಿದ್ದು, ನಡಿಗೆಯನ್ನೇ ನಿಲ್ಲಿಸಿದ್ದಾರೆ. ನಗುವವರು ನಗಲಿ. ಓಣಿಯ ಮೂವರು ಸೇರಿ ಹೊರಟರೆ ನಗುವವರೂ ಒಂದು ವಾರದಲ್ಲಿ ಸುಮ್ಮನಾಗುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಹರಕೆ ಇದೆಯೆಂದೋ ಜಾತ್ರೆ ಎಂದೋ ಬರಿಗಾಲಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶ ಕುಂದಿದ್ದರೆ ಕಾದ ಕಲ್ಲು ಸುಟ್ಟದ್ದೂ ತಿಳಿಯುವುದಿಲ್ಲ.

ಬೇಸಿಗೆಯ ಇನ್ನೊಂದು ಸಂಗತಿಯನ್ನು ಮನೆಮಂದಿ ಎಲ್ಲರೂ ತಿಳಿದಿರಬೇಕು. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ನುಂಗುವವರ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ನಿನ್ನೆಯವರೆಗೆ ಚೆನ್ನಾಗಿದ್ದ ಅವ್ವ ಇಂದು ಹಗಲು ರಾತ್ರಿ ತಿಳಿಯದೆ ತಡವರಿಸುತ್ತಿದ್ದರೆ, ಏನೇನೋ ಬಡಬಡಿಸುತ್ತಿದ್ದರೆ ಅದು ಒಂದೇ ದಿನದಲ್ಲಿ ಬಂದ ಅಲ್ಜೈಮರ್ ಅಲ್ಲ, ದೆವ್ವದ ಕಾಟವೂ ಅಲ್ಲ. ನೀರು ಕಡಿಮೆಯಾಗಿರಬಹುದು, ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ದರೆ ಹೆಚ್ಚಿನವರು ಮೊದಲಿನಂತಾಗುತ್ತಾರೆ. ಜೋಳದ ಅಂಬಲಿ, ಮಜ್ಜಿಗೆ, ನೀರು ಇವನ್ನು ಕೇಳುವವರೆಗೆ ಕಾಯದೆ ಹೊತ್ತು ಹೊತ್ತಿಗೆ ಕೊಡಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ನೀರು ಎಂಬುದನ್ನು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಮೂರನೆಯ ಹೆಜ್ಜೆ: ಕಾಲಿಗೆ ಬಲ, ನಿಲುವಿಗೆ ಸಮತೋಲ

ನಡಿಗೆಯೊಂದೇ ಸಾಲದು. ಬೀಳುವುದು ಮೆದುಳಿಗೆ ನೇರವಾದ ಅಪಾಯ. ತೊಡೆಯ ಮೂಳೆ ಮುರಿದು ಮೂರು ತಿಂಗಳು ಮಲಗಿದವರ ಬುದ್ಧಿಯೂ ಮಂಕಾಗುತ್ತದೆ. ವಾರದಲ್ಲಿ ಮೂರು ದಿನ, ಒಮ್ಮೆಗೆ ಹದಿನೈದು ನಿಮಿಷ ಈ ನಾಲ್ಕನ್ನು ಮಾಡಿ.

ಗೋಡೆಗೆ ಒರಗಿಸಿದ, ಕೈ ಇಲ್ಲದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಗೆ ಕಟ್ಟಿಕೊಂಡು ಎದ್ದು ನಿಲ್ಲಿ, ನಿಧಾನವಾಗಿ ಕುಳಿತುಕೊಳ್ಳಿ. ಎಂಟು ಸಲ, ಸ್ವಲ್ಪ ವಿರಾಮ, ಮತ್ತೆ ಎಂಟು ಸಲ. ಆಮೇಲೆ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಅಂಗೈ ಊರಿ ಮೈಯನ್ನು ಗೋಡೆಯತ್ತ ಬಾಗಿಸಿ ಹಿಂದಕ್ಕೆ ತಳ್ಳಿ. ಕೊನೆಗೆ ಅದೇ ಸರಳಿನ ಪಕ್ಕ ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ, ಕಾಲು ಬದಲಿಸಿ. ಬಿದ್ದರೆ ಹಿಡಿಯಲು ಕೈ ಹತ್ತಿರವೇ ಇರಬೇಕು.

ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಬೇಸಿಗೆಗೆ ತಂಪು, ಒದ್ದೆಯಾದರೆ ಮಾತ್ರ ಹಾವಸೆಯಂತೆ ಜಾರುತ್ತದೆ. ಬಚ್ಚಲಿಗೆ ಒರಟು ಚಾಪೆ, ಗೋಡೆಗೆ ಹಿಡಿಕೆ, ರಾತ್ರಿ ಒಂದು ಸಣ್ಣ ದೀಪ ಇರಲಿ. ಈ ಖರ್ಚಿಗೆ ಯೋಚಿಸಬೇಡಿ. ಸ್ಕೂಟರಿನ ಹಿಂದೆ ಕೂರುವ ಅಪ್ಪನಿಗೂ ಹೆಲ್ಮೆಟ್ ಬೇಕು, "ಸೂಪರ್ ಮಾರ್ಕೆಟ್‌ವರೆಗೆ ಅಷ್ಟೇ" ಎಂಬ ನೆಪ ಬೇಡ.

ನಾಲ್ಕನೆಯ ಹೆಜ್ಜೆ: ಹತ್ತು ನಿಮಿಷ ಸುಮ್ಮನೆ ಕೂರುವುದು

ಧ್ಯಾನ ಮಾಡಿದರೆ ಮೆದುಳು ಬೆಳೆಯುತ್ತದೆ, ಮರೆವು ಹತ್ತಿರ ಸುಳಿಯುವುದಿಲ್ಲ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ದಿನವೂ ಬರುತ್ತವೆ. ಇಷ್ಟು ದೊಡ್ಡ ಮಾತಿಗೆ ಆಧಾರ ಸಾಲದು. ಫ್ರಾನ್ಸಿನಲ್ಲಿ 65 ದಾಟಿದ 137 ಮಂದಿಯ ಮೇಲೆ 18 ತಿಂಗಳು ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಧ್ಯಾನ ಮಾಡಿದವರ ಮೆದುಳಿನ ಗಾತ್ರದಲ್ಲಾಗಲಿ ರಕ್ತದ ಹರಿವಿನಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಗಮನವನ್ನು ಹಿಡಿದಿಡುವುದು, ಭಾವನೆಗಳನ್ನು ಸಂಭಾಳಿಸುವುದು ಅವರಿಗೆ ಸುಲಭವಾಗಿತ್ತು. ನನ್ನ ಪ್ರಕಾರ ಧ್ಯಾನದ ಬೆಲೆ ಇಲ್ಲೇ ಇದೆ. ಕಳವಳ ಕಡಿಮೆಯಾದವರಿಗೆ ನಿದ್ದೆ ಬರುತ್ತದೆ, ನಿದ್ದೆ ಬಂದವರು ಬೆಳಗ್ಗೆ ನಡೆಯಲು ಏಳುತ್ತಾರೆ. ನಡಿಗೆಯ ಬದಲಿಗೆ ಧ್ಯಾನ ಎಂದುಕೊಂಡರೆ ಮಾತ್ರ ಕೂರುವುದಕ್ಕೆ ಇನ್ನೊಂದು ನೆಪ ಸಿಕ್ಕಂತೆ.

ವಿಧಾನಕ್ಕಾಗಿ ದೂರ ಹೋಗಬೇಕಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಡುವ ಸಾಧನೆ ಬಸವಕಲ್ಯಾಣದ ಈ ನೆಲದಲ್ಲಿ ಶರಣರ ಕಾಲದಿಂದ ಬಂದದ್ದು. ದರ್ಗಾದ ಹಾದಿಯಲ್ಲಿ ನಡೆಯುವವರಿಗೆ ದೇವರ ಹೆಸರನ್ನು ಮತ್ತೆ ಮತ್ತೆ ನೆನೆಯುವ ಜಿಕ್ರ್ ಗೊತ್ತು. ಬುದ್ಧ ವಿಹಾರಕ್ಕೆ ಹೋಗುವವರಿಗೆ ಉಸಿರನ್ನು ಗಮನಿಸುವುದು ಗೊತ್ತು. ನಿಮ್ಮದು ಯಾವುದೋ ಅದನ್ನೇ ಹಿಡಿಯಿರಿ. ಯಾವುದೂ ಇಲ್ಲದವರು ಹೀಗೆ ಮಾಡಿ.

ಹೊತ್ತು ಮತ್ತು ಜಾಗ ನಿಗದಿ ಇರಲಿ. ಬೆಳಗಿನ ಚಹಾದ ಮೊದಲು ಎಂದರೆ ಮರೆಯುವುದಿಲ್ಲ. ನೆಲಕ್ಕೆ ಕೂರಲು ಆಗದಿದ್ದರೆ ಕುರ್ಚಿಯೇ ಸಾಕು, ಪಾದ ನೆಲಕ್ಕೆ ತಾಗಿರಲಿ. ಉಸಿರನ್ನು ಬದಲಾಯಿಸದೆ ಅದು ಮೂಗಿನಲ್ಲಿ ಬಂದು ಹೋಗುವುದನ್ನು ಗಮನಿಸಿ. ಹೊರಗೆ ಬಿಡುವ ಪ್ರತಿ ಉಸಿರಿಗೆ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ನಾಲ್ಕನೆಯ ಎಣಿಕೆಗೇ ಮನಸ್ಸು ತೊಗರಿಯ ಧಾರಣೆಗೋ ಮಗಳ ಸಂಸಾರಕ್ಕೋ ಹಾರಿರುತ್ತದೆ. ಬೇಸರಪಡದೆ ಮತ್ತೆ ಒಂದರಿಂದ ಶುರು ಮಾಡಿ. ಹಾರಿದ್ದನ್ನು ಗಮನಿಸಿ ಹಿಂದಕ್ಕೆ ಕರೆತರುವುದೇ ಇಲ್ಲಿಯ ವ್ಯಾಯಾಮ. ಹಾರದಂತೆ ಕಟ್ಟಿಹಾಕುವ ಗೋಜಿಗೆ ಹೋಗಬೇಡಿ. ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು, ಇಷ್ಟವಾದರೆ ಇಪ್ಪತ್ತು.

ಉಸಿರು ಕಟ್ಟಿ ಹಿಡಿಯುವ, ರಭಸದಿಂದ ಉಸಿರು ಚಿಮ್ಮುವ ಪ್ರಾಣಾಯಾಮಗಳನ್ನು ಬಿಪಿ, ಹೃದಯರೋಗ, ಗ್ಲಾಕೊಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಟಿವಿ ನೋಡಿ ಮಾಡಬಾರದು. ತೀವ್ರ ಖಿನ್ನತೆ ಇರುವವರಿಗೆ, ಇಲ್ಲದ ದನಿಗಳು ಕೇಳಿಸುವವರಿಗೆ ಮೌನವಾಗಿ ಒಬ್ಬರೇ ಕೂರುವುದು ಇನ್ನಷ್ಟು ಕಾಡಬಹುದು. ಅಂಥವರಿಗೆ ಮೊದಲು ಮನೋವೈದ್ಯರ ಭೇಟಿ, ಆಮೇಲೆ ಧ್ಯಾನ.

ಐದನೆಯ ಹೆಜ್ಜೆ: ಜನ ಮತ್ತು ಜವಾಬ್ದಾರಿ

ಈಗ ಸಂತೆಚೀಲದ ವಿಷಯಕ್ಕೆ ಬರೋಣ. ತರಕಾರಿ ತರಲು ಹೋದ ಹಿರಿಯರ ತಲೆಯಲ್ಲಿ ಏನೇನು ನಡೆಯುತ್ತದೆ ನೋಡಿ: ಪಟ್ಟಿ ನೆನಪಿಟ್ಟುಕೊಳ್ಳುವುದು, ದಾರಿ ಹಿಡಿಯುವುದು, ವಾಹನ ತಪ್ಪಿಸಿಕೊಳ್ಳುವುದು, ಬದನೆಕಾಯಿಯ ಹುಳುಕು ಪತ್ತೆ ಹಚ್ಚುವುದು, ಚೌಕಾಸಿ ಮಾಡುವುದು, ಚಿಲ್ಲರೆ ಎಣಿಸುವುದು, ಎದುರು ಸಿಕ್ಕ ಹಳೆಯ ಸಹೋದ್ಯೋಗಿಯ ಹೆಸರು ನೆನಪಿಸಿಕೊಳ್ಳುವುದು. ಮೆದುಳಿಗೆಂದು ಮಾರುವ ಯಾವ ಮೊಬೈಲ್ ಆಟವೂ ಇಷ್ಟು ಕೆಲಸ ಕೊಡುವುದಿಲ್ಲ. ಆಟ ಆಡಿದವರು ಬಹುಮಟ್ಟಿಗೆ ಆ ಆಟದಲ್ಲೇ ಚುರುಕಾಗುತ್ತಾರೆ.

ನಮ್ಮ ಮಾರುಕಟ್ಟೆಗೆ ಇನ್ನೊಂದು ಗುಣವಿದೆ. ಕಲಬುರಗಿಯಲ್ಲಿ ಒಂದು ಬೆಳಗಿನ ಖರೀದಿಗೆ ಕನ್ನಡ, ದಖ್ಖನಿ, ಮರಾಠಿ, ತೆಲುಗು ಎಲ್ಲವೂ ನಾಲಿಗೆಗೆ ಬರುತ್ತವೆ. ಪಕ್ಕದ ಹೈದರಾಬಾದಿನಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ ಇದ್ದ 648 ಮಂದಿಯ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು. ಭಾಷೆಯೇ ಕಾರಣವೆಂದು ಇದರಿಂದ ಪೂರ್ತಿ ಸಾಬೀತಾಗುವುದಿಲ್ಲ. ಆದರೂ ಪಕ್ಕದ ಮನೆಯ ಖಾಲಾ ಜೊತೆ ಅವರ ಭಾಷೆಯಲ್ಲೇ ಹತ್ತು ಮಾತನಾಡುವುದಕ್ಕೆ ಖರ್ಚೇನಿಲ್ಲ.

ಮನೆಯವರು ಮಾಡಬೇಕಾದದ್ದು: ಕೆಲಸವನ್ನು ಹಿಂದಿರುಗಿಸಿ. ಪೂರ್ತಿ ಆಗದಿದ್ದರೆ ಅರ್ಧ ಕೊಡಿ. ಅವ್ವ ನಿಂತು ರೊಟ್ಟಿ ಬಡಿಯಲಾರರು ಎಂದಾದರೆ ಕುಳಿತು ಬೇಳೆ ಹಸನು ಮಾಡಲಿ, ಹಿಂಡಿ ಪುಡಿಗೆ ಅಳತೆ ಹೇಳಲಿ, ಹಳೆಯ ಸೀರೆಗಳಲ್ಲಿ ಕೌದಿ ಹೊಲಿಯಲಿ. ಅಪ್ಪ ಮೊಮ್ಮಗಳ ಗಣಿತ ನೋಡಲಿ, ಹಾಲಿನ ಲೆಕ್ಕ ಬರೆಯಲಿ, ಯುಪಿಐ ಕಲಿಯಲಿ. ಕಲಿಸುವವರು ಮೊಬೈಲನ್ನು ಕೈಯಿಂದ ಕಿತ್ತುಕೊಂಡು ತಾವೇ ಒತ್ತಬಾರದು, ಅಷ್ಟೇ. ಒಟಿಪಿಯನ್ನು ಯಾರಿಗೂ ಹೇಳಬಾರದೆಂಬ ಪಾಠ ಮೊದಲ ದಿನವೇ ಆಗಲಿ. ಕೆಲಸ ನಿಧಾನವಾಗುತ್ತದೆ, ಎರಡು ಟೊಮೆಟೊ ಕೊಳೆತದ್ದು ಬರುತ್ತದೆ. ಬರಲಿ ಬಿಡಿ.

ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ರಾತ್ರಿ ಫೋನ್ ಮಾಡಿ "ಊಟ ಆಯಿತೇ ಅಪ್ಪಾ, ಗುಳಿಗೆ ನುಂಗಿದಿರಾ" ಎಂದು ಕೇಳಿ ಇಡುತ್ತಾರೆ. ಅದು ವಿಚಾರಣೆ, ಮಾತುಕತೆಯಲ್ಲ. ಏನಾದರೂ ಸಲಹೆ ಕೇಳಿ. "ಹೊಲಕ್ಕೆ ಈ ಸಲ ತೊಗರಿ ಹಾಕೋಣವೋ ಹೆಸರೋ?" "ಅವ್ವಾ, ಪುಂಡಿ ಪಲ್ಯಕ್ಕೆ ನುಚ್ಚು ಯಾವಾಗ ಹಾಕಬೇಕು?" ಆ ಕಡೆಯ ದನಿ ಬದಲಾಗುವುದು ನಿಮಗೇ ಕೇಳಿಸುತ್ತದೆ.

ಹಿರಿಯರು ತಾವೇ ಮಾಡಬೇಕಾದದ್ದೂ ಇದೆ. ವಾರಕ್ಕೊಮ್ಮೆಯಾದರೂ ಮನೆಯವರಲ್ಲದವರೊಡನೆ ಕೂರುವ ಒಂದು ನಿಗದಿತ ಹೊತ್ತು ಇರಲಿ. ಭಜನೆ ಮತ್ತು ತತ್ವಪದದ ಮೇಳ ಇದಕ್ಕೆ ನಮ್ಮ ಸೀಮೆಯ ದೊಡ್ಡ ಆಸ್ತಿ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದಗಳನ್ನು ಅಕ್ಷರ ಬಾರದವರೂ ಬಾಯಿಪಾಠ ಹಾಡುತ್ತಾರೆ. ಪದ ನೆನಪಿಡುವುದು, ತಾಳ ಹಾಕುವುದು, ಉಸಿರು ಹಿಡಿದು ಬಿಡುವುದು, ಪಕ್ಕದವರ ದನಿಗೆ ದನಿ ಕೂಡಿಸುವುದು ಎಲ್ಲವೂ ಒಂದೇ ಪಟ್ಟಿನಲ್ಲಿ ಆಗುತ್ತದೆ. ಗೊತ್ತಿರುವ ಪದಗಳನ್ನೇ ಹಾಡುತ್ತಾ ಕೂರದೆ ತಿಂಗಳಿಗೊಂದು ಹೊಸದನ್ನು ಕಲಿಯಿರಿ. ಮೆದುಳಿಗೆ ಬೇಕಾದದ್ದು ಸ್ವಲ್ಪ ಕಷ್ಟ. ಹಾಡು ಬೇಡ ಎನ್ನುವವರಿಗೆ ನಿವೃತ್ತ ನೌಕರರ ಸಂಘ, ಗ್ರಂಥಾಲಯ, ಸ್ವಸಹಾಯ ಸಂಘದ ಸಭೆ ಇವೆ. ಕಟ್ಟೆಯ ಹರಟೆಯೂ ಆದೀತು, ಗುಟ್ಕಾ ಚೀಟಿ ಕೈ ಬದಲಾಗುವ ಕಟ್ಟೆಯಿಂದ ಮಾತ್ರ ದೂರವಿರಿ.

ಗಂಡ ತೀರಿಕೊಂಡ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಬೇಗ ಒಂಟಿಯಾಗುತ್ತಾರೆ. ಮನೆ ತುಂಬ ಜನ ಇದ್ದರೂ ಮಾತನಾಡಿಸುವವರು ಇರುವುದಿಲ್ಲ. ಶುಭಕಾರ್ಯಗಳಿಂದ ದೂರ ಇಡುವ ರೂಢಿ ಬೇರೆ. ಈ ರೂಢಿ ಮುರಿಯುವುದನ್ನೂ ನಾನು ಮೆದುಳಿನ ಆರೋಗ್ಯದ ಕೆಲಸವೆಂದೇ ಎಣಿಸುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಳಂದದಲ್ಲಿರುವ ತಂಗಿ, ಚಿಂಚೋಳಿಯಲ್ಲಿರುವ ಗೆಳತಿಯನ್ನು ತಿಂಗಳಿಗೊಮ್ಮೆ ನೋಡಿ ಬರಲು ಈಗ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಗುರುತಿನ ಚೀಟಿ, ನೀರಿನ ಬಾಟಲಿ ಚೀಲದಲ್ಲಿರಲಿ.

ಊಟ ಮತ್ತು ನಿದ್ದೆ

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಮ್ಮ ಹಳೆಯ ತಾಟೇ ಚೆನ್ನಾಗಿದೆ. ಜೋಳ ಅಥವಾ ಸಜ್ಜೆಯ ರೊಟ್ಟಿ, ತೊಗರಿ ಬೇಳೆ, ಮೆಂತ್ಯ ಅಥವಾ ಪುಂಡಿ ಪಲ್ಯ, ಅಗಸೆ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಕೆಡಿಸುವುದು ಸಂಜೆಯ ಮಿರ್ಚಿ ಭಜಿ, ದಿನಕ್ಕೆ ಆರು ಸಲ ಸಕ್ಕರೆ ಚಹಾ, ಉಪ್ಪಿನಕಾಯಿ ಹಪ್ಪಳದ ಉಪ್ಪು. ಇಡೀ ದಿನಕ್ಕೆ ಉಪ್ಪು ಒಂದು ಚಹಾ ಚಮಚದೊಳಗಿರಬೇಕು. ನೆನಪಿನ ಶಕ್ತಿಗೆಂದು ಮಾರುವ ಸಿರಪ್ಪು, ಕ್ಯಾಪ್ಸೂಲುಗಳಿಗೆ ಸುರಿಯುವ ಹಣದಲ್ಲಿ ಒಳ್ಳೆಯ ಬಿಪಿ ಯಂತ್ರ ಕೊಳ್ಳಿ.

ರಾತ್ರಿ ಏಳು ತಾಸಿನ ನಿದ್ದೆ ಗುರಿಯಾಗಿರಲಿ. ಬೇಸಿಗೆಯ ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಿದರೆ ರಾತ್ರಿಯ ನಿದ್ದೆ ಹೋಗುತ್ತದೆ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುತ್ತಿದ್ದರೆ ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ. ನಿದ್ದೆ ಗುಳಿಗೆ, ನೆಗಡಿ ಮತ್ತು ಅಲರ್ಜಿಯ ಕೆಲವು ಹಳೆಯ ಗುಳಿಗೆಗಳು ವಯಸ್ಸಾದವರಲ್ಲಿ ತಾವೇ ಮಂಕು ಮತ್ತು ಮರೆವು ತರುತ್ತವೆ. ಔಷಧ ಅಂಗಡಿಯಲ್ಲಿ ಬಾಯಿಮಾತಿಗೆ ತಂದು ನುಂಗುವ ಚಟ ಬಿಡಿ.

ಮರೆವು ಯಾವಾಗ ಕಾಯಿಲೆ?

"ಅರವತ್ತಕ್ಕೆ ಅರಳು ಮರಳು" ಎಂದು ನಕ್ಕು ಬಿಡುವ ಮನೆಗಳಲ್ಲೇ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು ಶೇ 7.4ರಷ್ಟು, ಅಂದರೆ 88 ಲಕ್ಷದಷ್ಟು ಜನರಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು. ಅದನ್ನೇ ತಿರುಗಿಸಿ ಓದಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅದು ಇಲ್ಲ. ಅರಳು ಮರಳು ವಯಸ್ಸಿನ ಹಣೆಬರಹವಲ್ಲ.

ಕೀಲಿಕೈ ಎಲ್ಲಿಟ್ಟೆ ಎಂದು ಹುಡುಕುವುದು, ನೆಂಟರ ಹೆಸರು ತಡವಾಗಿ ನೆನಪಾಗುವುದು ಸಹಜ. ನಲವತ್ತು ವರ್ಷ ನಡೆದ ದಾರಿಯಲ್ಲಿ ಮನೆ ತಪ್ಪುವುದು, ಅದೇ ಪ್ರಶ್ನೆಯನ್ನು ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಕೈಗೆ ಬಂದ ಅಡುಗೆಯ ಕ್ರಮ ಕೆಡುವುದು, ಹಣದ ಲೆಕ್ಕ ಹತ್ತದಿರುವುದು, ಸೌಮ್ಯವಾಗಿದ್ದವರು ವಿನಾಕಾರಣ ಸಂಶಯಪಡುವುದು ಸಹಜವಲ್ಲ. ಬಿದ್ದು ಕೆಲವು ವಾರಗಳಾದ ಮೇಲೆ ಮಂಕು ಕವಿದರೆ, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಾದರೆ, ತಲೆಯೊಳಗೆ ರಕ್ತ ಕಟ್ಟಿರಬಹುದು, ಸ್ಕ್ಯಾನ್ ಬೇಕಾಗುತ್ತದೆ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಲಕ್ವ. ತೈಲ ಹಚ್ಚುವವರ ಹತ್ತಿರ ಹೋಗದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಮರೆವಿನ ತಪಾಸಣೆಗೆ ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುವ ಕಭಿ ಎಂಬ ಮೆದುಳು ಆರೋಗ್ಯ ಕಾರ್ಯಕ್ರಮದ ಬಗ್ಗೆಯೂ ಅಲ್ಲೇ ವಿಚಾರಿಸಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567. ಎರಡಕ್ಕೂ ಹಣ ಬೇಡ.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಏನು, ಯಾವಾಗಿನಿಂದ ಬದಲಾಗಿದೆ ಎಂದು ತಾರೀಖಿನ ಸಮೇತ ಬರೆಯಿರಿ. ನುಂಗುವ ಎಲ್ಲ ಗುಳಿಗೆಗಳನ್ನೂ, ಆಯುರ್ವೇದದ ಪುಡಿಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಕನ್ನಡಕ ಮತ್ತು ಕಿವಿ ಮೆಷಿನ್ ಮರೆಯಬೇಡಿ; ಪ್ರಶ್ನೆಯೇ ಕೇಳಿಸದವರು ಪರೀಕ್ಷೆಯಲ್ಲಿ ಸುಮ್ಮನೆ ತಪ್ಪುತ್ತಾರೆ. ದಿನವೂ ಜೊತೆಗಿರುವ ಒಬ್ಬರು ಸಂಗಡ ಹೋಗಲಿ, ಊರಿಗೆ ಬಂದಿರುವ ದೊಡ್ಡ ಮಗನಲ್ಲ. "ನಿಮಗೆ ಮರೆವು ಬಂದಿದೆ, ನಡೆಯಿರಿ" ಎಂದರೆ ಯಾರೂ ಬರುವುದಿಲ್ಲ. "ಅಪ್ಪಾ, ಬಿಪಿ ತೋರಿಸಬೇಕು, ನೆನಪು ಸ್ವಲ್ಪ ಹಿಂದುಮುಂದಾಗುವುದನ್ನೂ ಹಾಗೆಯೇ ಕೇಳಿಕೊಂಡು ಬರೋಣ" ಎಂದರೆ ಬರುತ್ತಾರೆ. ವೈದ್ಯರು ಪ್ರಶ್ನೆ ಕೇಳುವಾಗ ಉತ್ತರ ಗೊತ್ತಿದ್ದರೂ ನೀವು ನಡುವೆ ಬಾಯಿ ಹಾಕಬೇಡಿ, ಅವರೇ ಹೇಳಲಿ.